ಹಿಮನದಿಯ ತಡವಾದ ಲೆಕ್ಕವನ್ನು ಕರಾವಳಿಯ ಅಂದಾಜುಪಟ್ಟಿಗೆ ಸೇರಿಸಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾಧಿಕಾರಿಗಳಿಗೆ, ಕಡಲತೀರದ ಕಾಮಗಾರಿ ರೂಪಿಸುವ ಎಂಜಿನಿಯರುಗಳಿಗೆ, ತೀರದ ಪಂಚಾಯಿತಿಗಳ ಸದಸ್ಯರಿಗೆ, ಎರಡೂ ಜಿಲ್ಲೆಗಳ ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಡೆಗೋಡೆಯಿರಲಿ, ಕಿಂಡಿ ಅಣೆಕಟ್ಟಿರಲಿ, ತೀರದ ರಸ್ತೆಯಿರಲಿ, ಕಟ್ಟುವಾಗ ಮೂವತ್ತು ಐವತ್ತು ವರ್ಷ ಬಾಳಲಿ ಎಂದೇ ಕಟ್ಟುತ್ತೇವೆ. ಅಷ್ಟು ವರ್ಷಗಳಲ್ಲಿ ಕಡಲಮಟ್ಟ ಎಷ್ಟು ಏರೀತು ಎಂಬ ಮಾತು ಬಂದಾಗ ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತವೆ. ಇಲ್ಲಿಯವರೆಗೆ ಏರಿದ ವೇಗವನ್ನೇ ಮುಂದಕ್ಕೆ ಎಳೆದರಾಯಿತು ಎಂಬುದು ಒಂದು. ಹಿಮಾಲಯದಲ್ಲಿ ಮಂಜು ಕರಗಿದರೆ ನಮ್ಮ ಸೋಮೇಶ್ವರಕ್ಕೋ ಮಲ್ಪೆಗೋ ಏನಾಗಬೇಕು ಎಂಬುದು ಇನ್ನೊಂದು. ಪರ್ವತದ ಹಿಮನದಿಗಳು ಹವಾಮಾನಕ್ಕೆ ಹೇಗೆ ಸ್ಪಂದಿಸುತ್ತವೆ, ಎಷ್ಟು ತಡವಾಗಿ ಸ್ಪಂದಿಸುತ್ತವೆ ಎಂಬುದನ್ನು ಬಿಟ್ಟುಬಿಟ್ಟದ್ದರಿಂದಲೇ ಎರಡೂ ಉತ್ತರಗಳು ತಪ್ಪಿವೆ. ಬಿಟ್ಟುಹೋದ ಆ ಭಾಗವನ್ನು ತುಸು ವಿವರವಾಗಿ ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮದು ಮಳೆಯ ನದಿಗಳ ನಾಡು. ಘಟ್ಟದಲ್ಲಿ ರಾತ್ರಿಯಿಡೀ ಹೊಯ್ದರೆ ಬಂಟ್ವಾಳದಲ್ಲಿ ನೇತ್ರಾವತಿ ಕೆಂಪಗೆ ಉಕ್ಕಲು ಹೆಚ್ಚು ಹೊತ್ತು ಬೇಡ. ಹೊಳವಾದರೆ ಕೆಲವು ದಿನಗಳಲ್ಲಿ ನೀರು ಇಳಿದೂ ಬಿಡುತ್ತದೆ. ಮಳೆ ಬಂತು, ನೆರೆ ಬಂತು ಎನ್ನುವ ಈ ಅಭ್ಯಾಸದ ಕಣ್ಣಿನಿಂದ ಹಿಮನದಿಯನ್ನು ನೋಡಿದರೆ ಲೆಕ್ಕ ಕೆಡುತ್ತದೆ. ಅಲ್ಲಿ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಹತ್ತು ವರ್ಷ ಇರಬಹುದು, ನೂರು ವರ್ಷವೂ ಇರಬಹುದು.

ಹಿಮನದಿಗೆ ಎರಡು ಭಾಗ. ಮೇಲ್ಭಾಗದಲ್ಲಿ ವರ್ಷಕ್ಕೆ ಬೀಳುವ ಹಿಮ ಆ ವರ್ಷ ಕರಗುವುದಕ್ಕಿಂತ ಹೆಚ್ಚು. ಅದು ಸಂಚಯ ವಲಯ. ಕೆಳಭಾಗದಲ್ಲಿ ಬಿದ್ದದ್ದಕ್ಕಿಂತ ಕರಗುವುದು ಹೆಚ್ಚು. ಅದು ಕರಗು ವಲಯ. ಎರಡರ ನಡುವೆ ಬಿದ್ದದ್ದೂ ಕರಗಿದ್ದೂ ಸರಿಸಮವಾಗುವ ಎತ್ತರಕ್ಕೆ ಸಮತೋಲ ರೇಖೆ ಎನ್ನುತ್ತಾರೆ. ಆಗಷ್ಟೇ ಬಿದ್ದ ಹಿಮದ ಸಾಂದ್ರತೆ ಘನ ಮೀಟರಿಗೆ 100 ಕಿಲೋ ಆಸುಪಾಸು. ವರ್ಷದಿಂದ ವರ್ಷಕ್ಕೆ ಮೇಲಿನ ಪದರಗಳ ಭಾರಕ್ಕೆ ಅದು ಒತ್ತಿಕೊಂಡು, ಒಳಗಿನ ಗಾಳಿಯ ದಾರಿಗಳು ಮುಚ್ಚಿಹೋಗಿ, 830 ಕಿಲೋ ದಾಟಿದಾಗ ಮಂಜುಗಡ್ಡೆಯಾಗುತ್ತದೆ. ಈ ಗಡ್ಡೆ ತನ್ನ ತೂಕಕ್ಕೇ ನಿಧಾನವಾಗಿ ಕೆಳಕ್ಕೆ ಹರಿದು, ಕೆಳಗೆ ಕರಗಿದ ಜಾಗವನ್ನು ತುಂಬುತ್ತದೆ. ಮೇಲಿನ ಗಳಿಕೆ ಕೆಳಗಿನ ನಷ್ಟಕ್ಕೆ ಸರಿಹೋದರೆ ಹಿಮನದಿಯ ಮೂತಿ, ಅಂದರೆ ಅದರ ಕೆಳತುದಿ, ಇದ್ದಲ್ಲೇ ಇರುತ್ತದೆ. ಅಂಥ ಸ್ಥಿತಿಯಲ್ಲಿ ಹಿಮನದಿಯ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಸಮತೋಲ ರೇಖೆಯ ಮೇಲಿರುತ್ತದೆ.

ಈಗ ಗಾಳಿ ಒಂದು ಡಿಗ್ರಿ ಬಿಸಿಯಾಯಿತು ಎನ್ನಿ. ಎತ್ತರ ಏರಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಂಪಾಗುವುದರಿಂದ ಸಮತೋಲ ರೇಖೆ ಸರಿಸುಮಾರು 150 ಮೀಟರ್ ಮೇಲಕ್ಕೆ ಹೋಗುತ್ತದೆ. ಇದಕ್ಕೆ ವಿಳಂಬವೇ ಇಲ್ಲ, ಅದೇ ವರ್ಷ ಆಗುತ್ತದೆ. ನಿನ್ನೆಯವರೆಗೆ ಹಿಮ ಉಳಿಸಿಕೊಳ್ಳುತ್ತಿದ್ದ ಜಾಗ ಇಂದು ಕರಗುವ ಪಾಲಿಗೆ ಸೇರುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇ. 80ಕ್ಕಿಂತ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ, ಬರಿಯ ಗಡ್ಡೆ ಶೇ. 30–40 ಮಾತ್ರ. ಧೂಳು ಮಸಿ ಕೂತಿದ್ದರೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಹಿಮದ ಹೊದಿಕೆ ವಾರ ಮೊದಲೇ ಸರಿದರೂ ಕರಗುವಿಕೆ ಜಿಗಿಯುತ್ತದೆ.

ಆದರೆ ಮೂತಿ ಅಂದೇ ಹಿಂದೆ ಸರಿಯುವುದಿಲ್ಲ. ಮೊದಲು ಕೆಳಭಾಗ ತೆಳುವಾಗುತ್ತದೆ. ತೆಳುವಾದಂತೆ ಮೇಲ್ಮೈ ತಗ್ಗಿಗೆ, ಇನ್ನೂ ಬೆಚ್ಚಗಿನ ಗಾಳಿಗೆ ಇಳಿದು ಕರಗುವಿಕೆ ಮತ್ತಷ್ಟು ಹೆಚ್ಚುತ್ತದೆ. ಜೊತೆಗೆ ಹರಿವೂ ಮಂದವಾಗುತ್ತದೆ. ಗಡ್ಡೆ ಒಳಗೊಳಗೇ ಬಾಗಿ ಹರಿಯುವ ವೇಗ ಅದರ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುವುದರಿಂದ, ಇಳಿಜಾರು ಅಷ್ಟೇ ಇದ್ದು ದಪ್ಪ ಶೇ. 10 ತಗ್ಗಿದರೂ ಈ ವೇಗ ಮೂರನೇ ಒಂದರಷ್ಟು ಬಿದ್ದುಹೋಗುತ್ತದೆ. ಮೇಲಿನಿಂದ ಬರುವ ಪೂರೈಕೆ ಸೊರಗಿದ ಮೇಲಷ್ಟೇ ಮೂತಿ ಹಿಂದೆ ಸರಿಯತೊಡಗುತ್ತದೆ. ತಗ್ಗಿನ ಭಾಗವನ್ನು ಸಾಕಷ್ಟು ಕಳೆದುಕೊಂಡು ಚಿಕ್ಕದಾದ ಮೇಲೆ ಹೊಸ ಹವೆಗೆ ಹೊಂದಿ ಮತ್ತೆ ನಿಲ್ಲುತ್ತದೆ. ಸಮತೋಲ ರೇಖೆ ಹಿಮನದಿಯ ನೆತ್ತಿಯನ್ನೇ ದಾಟಿ ಮೇಲೆ ಹೋಗಿದ್ದರೆ ಅದು ಎಲ್ಲಿಯೂ ನಿಲ್ಲುವುದಿಲ್ಲ, ಪೂರ್ತಿ ಕರಗಿ ಮುಗಿಯುತ್ತದೆ.

ಈ ಇಡೀ ಕ್ರಿಯೆಗೆ ಎಷ್ಟು ಕಾಲ ಬೇಕು? 1989ರಲ್ಲಿ ಯೋಹಾನೆಸನ್, ರೇಮಂಡ್, ವಾಡಿಂಗ್ಟನ್ ಎಂಬ ಮೂವರು ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಹಿಮನದಿಯ ದಪ್ಪವನ್ನು ಅದರ ಮೂತಿಯಲ್ಲಿ ವರ್ಷಕ್ಕೆ ಕರಗುವ ಪ್ರಮಾಣದಿಂದ ಭಾಗಿಸಿ. ದಪ್ಪ 200 ಮೀಟರ್, ಮೂತಿಯಲ್ಲಿ ಕರಗುವುದು ವರ್ಷಕ್ಕೆ 5 ಮೀಟರ್ ಆದರೆ ಉತ್ತರ 40 ವರ್ಷ. ಕಡಿದಾದ ಇಳಿಜಾರಿನ, 80 ಮೀಟರ್ ದಪ್ಪದ, ಮೂತಿಯಲ್ಲಿ 8 ಮೀಟರ್ ಕರಗುವ ಹಿಮನದಿಗೆ 10 ವರ್ಷ. ಬಂದ ಸಂಖ್ಯೆ ಸ್ಪಂದನ ಮುಗಿಯುವ ಕಾಲವಲ್ಲ ಎಂಬುದನ್ನು ಗಮನಿಸಬೇಕು. ಅಷ್ಟು ವರ್ಷಗಳಲ್ಲಿ ಆಗಬೇಕಾದ ಒಟ್ಟು ಬದಲಾವಣೆಯ ಶೇ. 63ರಷ್ಟು ಆಗಿರುತ್ತದೆ, ಅದರ ಎರಡರಷ್ಟು ಕಾಲ ಕಳೆದಾಗ ಶೇ. 86. ಅಂದರೆ ಮೊದಲ ಉದಾಹರಣೆಯ ಹಿಮನದಿ ಇಂದು ಯಾವ ಉದ್ದದಲ್ಲಿದೆಯೋ ಅದು ಹಲವು ದಶಕಗಳ ಹಿಂದಿನ ಹವೆಯ ಗುರುತು. ಇಂದಿನ ಬಿಸಿಗೆ ಅದು ಕೊಡಬೇಕಾದ ಉತ್ತರ ಇನ್ನೂ ಬಾಕಿಯಿದೆ.

ಸ್ವಿಟ್ಜರ್ಲೆಂಡಿನ ದಾಖಲೆಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ ಆಲೆಚ್ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಒಂದೇ ಸಮನೆ ಹಿಂದೆ ಸರಿಯುತ್ತಲೇ ಇದೆ. ನಡುವೆ ಬಂದ ಒಳ್ಳೆಯ ವರ್ಷಗಳನ್ನು ಅದರ ಉದ್ದ ದಾಖಲಿಸಿಲ್ಲ. ಅದೇ ದೇಶದ ಕಡಿದಾದ ಟ್ರಿಯೆಂಟ್ ಹಿಮನದಿ 1970–80ರ ದಶಕಗಳಲ್ಲಿ ಮುಂದೆ ಬಂದು, ಆಮೇಲೆ ಹಿಂದೆ ಸರಿಯಿತು. ಪಿಟ್ಸೋಲ್ ಎಂಬ ಪುಟ್ಟ ಹಿಮನದಿ ವರ್ಷ ವರ್ಷದ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಿ, ಕೊನೆಗೆ ಅಳೆಯಲು ಏನೂ ಉಳಿಯದೆ 2019ರಲ್ಲಿ ಅಳತೆಯ ಪಟ್ಟಿಯಿಂದ ಹೊರಬಿತ್ತು. ಮೂರಕ್ಕೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಹವೆ. ಹೀಗಿರುವಾಗ ಒಂದು ಹಿಮನದಿಯ ಎರಡು ಫೋಟೋ ಪಕ್ಕಪಕ್ಕ ಇಟ್ಟು ‘ಕರಗಿತು’ ಎಂದೋ ‘ಕರಗಿಲ್ಲ’ ಎಂದೋ ತೀರ್ಪು ಕೊಡುವುದು ಯಾರಿಗೂ ಸಲ್ಲ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಇಂಥ ಜೋಡಿ ಚಿತ್ರಗಳೇ ತುಂಬಿರುವುದರಿಂದ ಶಿಕ್ಷಕರ ಗಮನಕ್ಕೂ ಇದನ್ನು ತರುತ್ತಿದ್ದೇವೆ.

ಹವೆಗೆ ತಕ್ಷಣ ಸ್ಪಂದಿಸುವುದು ಹಿಮನದಿಯ ತೂಕದ ಲೆಕ್ಕ. ಅಳೆಯಬೇಕಾದದ್ದು ಅದನ್ನೇ. ಹಿಮಾಚಲದ ಲಾಹೌಲ್–ಸ್ಪಿತಿಯಲ್ಲಿರುವ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಈ ಅಳತೆ ನಡೆದಿದೆ. ಉಗಿಯ ಕೊಳವೆಯಿಂದ ಗಡ್ಡೆಯಲ್ಲಿ ಹತ್ತು ಮೀಟರ್‌ವರೆಗೆ ತೂತು ಕೊರೆದು, ಎರಡೆರಡು ಮೀಟರ್ ಉದ್ದದ ಬಿದಿರಿನ ತುಂಡುಗಳನ್ನು ಒಂದಕ್ಕೊಂದು ಪೋಣಿಸಿ ಇಳಿಸುತ್ತಾರೆ. ಕರಗುವ ಕಾಲ ಮುಗಿದಾಗ, ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಲ್ಲಿ, ಬಿದಿರು ಎಷ್ಟು ಹೊರಗೆ ಬಂದಿದೆ ಎಂದು ಅಳೆಯುತ್ತಾರೆ. ಒಂದು ಮೀಟರ್ ಗಡ್ಡೆ ಕರಗಿದರೆ 0.9 ಮೀಟರ್ ನೀರು. ಮೇಲಿನ ಸಂಚಯ ವಲಯದಲ್ಲಿ ಹಿಂದಿನ ಬೇಸಿಗೆಯ ಕೊಳಕು ಪದರ ಸಿಗುವವರೆಗೆ ಗುಂಡಿ ತೋಡಿ, ಪದರ ಪದರವಾಗಿ ಹಿಮ ತೂಗುತ್ತಾರೆ.

ತಪ್ಪುಗಳು ನುಸುಳುವುದೂ ಇಲ್ಲಿಯೇ. ತಳ ಮುಚ್ಚದ ಕೋಲು ತನ್ನ ಭಾರಕ್ಕೇ ಗಡ್ಡೆಯೊಳಗೆ ಇಳಿದರೆ ಕರಗಿದ ಪ್ರಮಾಣ ಕಡಿಮೆ ಕಾಣುತ್ತದೆ. ಹತ್ತು ಮೀಟರ್ ಕೋಲು ಪೂರ್ತಿ ಹೊರಬಂದು ಮಲಗಿದರೆ ಆ ಜಾಗದ ಲೆಕ್ಕವೇ ಹೋಯಿತು. ಪಕ್ಕದ ಬೆಟ್ಟದ ಗೋಡೆಗಳಿಂದ ಕುಸಿದು ಜಾರಿ ಬಂದ ಹಿಮ ಕೋಲಿಗೂ ಸಿಗುವುದಿಲ್ಲ, ಗುಂಡಿಗೂ ಸಿಗುವುದಿಲ್ಲ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಉಪಗ್ರಹದಿಂದ ಪಡೆದ ಎತ್ತರದ ನಕ್ಷೆಗಳನ್ನು ಹೋಲಿಸಿ, ಕಳೆದುಹೋದ ಗಾತ್ರವನ್ನು ಘನ ಮೀಟರಿಗೆ 850 ಕಿಲೋ ಲೆಕ್ಕದಲ್ಲಿ ತೂಕಕ್ಕೆ ತಂದು, ಕೋಲಿನ ಲೆಕ್ಕದ ಜೊತೆ ತಾಳೆ ನೋಡುತ್ತಾರೆ.

ಛೋಟಾ ಶಿಗ್ರಿ 2002ರಿಂದ 2019ರವರೆಗೆ ಸರಾಸರಿ ವರ್ಷಕ್ಕೆ 0.46 ಮೀಟರ್ ನೀರಿನಷ್ಟು ತೂಕ ಕಳೆದುಕೊಂಡಿದೆ. ಹದಿನೇಳು ವರ್ಷಕ್ಕೆ ಇಡೀ ಹಿಮನದಿಯ ಮೈಮೇಲಿನಿಂದ ಎಂಟು ಮೀಟರಿಗಿಂತ ಹೆಚ್ಚು ದಪ್ಪದ ಗಡ್ಡೆ ಹೋದಂತಾಯಿತು. ಇದೇ ಹಿಮನದಿ 1990ರ ದಶಕದಲ್ಲಿ ಹೆಚ್ಚುಕಡಿಮೆ ಸಮತೋಲದಲ್ಲಿತ್ತು ಎಂಬುದನ್ನೂ ಮುಚ್ಚಿಡಬಾರದು. ಇಡೀ ಹಿಮಾಲಯಕ್ಕೆ ಬಂದರೆ, ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳಿಂದ ತೆಗೆದ ಲೆಕ್ಕದ ಪ್ರಕಾರ 2000–2016ರ ನಷ್ಟದ ವೇಗ 1975–2000ರದಕ್ಕಿಂತ ಎರಡು ಪಟ್ಟು.

ಮಧ್ಯ ಮತ್ತು ಪೂರ್ವ ಹಿಮಾಲಯದ ಹಿಮನದಿಗಳಿಗೆ ಇನ್ನೊಂದು ಕಷ್ಟವಿದೆ. ನಮ್ಮಲ್ಲಿ ಆಟಿಯ ಮಳೆ ಹೊಯ್ಯುವ ಹೊತ್ತಿಗೆ ಅಲ್ಲಿ ಐದಾರು ಸಾವಿರ ಮೀಟರ್ ಎತ್ತರದಲ್ಲಿ ಅದೇ ಮಾನ್ಸೂನ್ ಹಿಮವಾಗಿ ಬೀಳುತ್ತದೆ. ಅಲ್ಲಿ ಗಳಿಕೆಯ ಕಾಲವೂ ಕರಗುವ ಕಾಲವೂ ಒಂದೇ. ಸ್ವಲ್ಪ ಬಿಸಿಯಾದರೆ ಹಿಮದ ಬದಲು ಮಳೆ ಸುರಿದು ಗಳಿಕೆ ತಪ್ಪುತ್ತದೆ, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಹೊದಿಕೆಯೂ ತಪ್ಪುತ್ತದೆ. ಚಳಿಗಾಲದ ಹಿಮವನ್ನು ನೆಚ್ಚಿರುವ ಕಾರಾಕೋರಂನ ಹಲವು ಹಿಮನದಿಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಸಮತೋಲ ಕಾಯ್ದುಕೊಂಡದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಕೆಲವು ಹಿಮನದಿಗಳು ಇದ್ದಕ್ಕಿದ್ದಂತೆ ಕಿಲೋಮೀಟರುಗಟ್ಟಲೆ ಮುನ್ನುಗ್ಗುವುದಕ್ಕೆ ತಳದ ನೀರಿನ ಒತ್ತಡ ಕಾರಣ. ಅದನ್ನು ತೋರಿಸಿ ಹವೆ ತಂಪಾಗುತ್ತಿದೆ ಎನ್ನುವುದು ಸರಿಯಲ್ಲ.

ಕಲ್ಲುಮಣ್ಣಿನ ಹೊದಿಕೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಒಂದೆರಡು ಸೆಂಟಿಮೀಟರ್ ತೆಳು ಪದರವಿದ್ದರೆ ಅದು ಬಿಸಿಲು ಹೀರಿ ಕರಗುವಿಕೆ ಹೆಚ್ಚಿಸುತ್ತದೆ, ಅದಕ್ಕಿಂತ ದಪ್ಪವಾದರೆ ಕಂಬಳಿಯಂತೆ ತಡೆಯುತ್ತದೆ. ಗಂಗೋತ್ರಿಯಂಥ ಹಿಮನದಿಗಳ ಕೆಳಭಾಗ ಇಂಥ ಹೊದಿಕೆಯಡಿ ಇರುವುದರಿಂದ ಮೂತಿ ಸರಿಯುವ ವೇಗವೊಂದನ್ನೇ ನೋಡಿದರೆ ನಷ್ಟ ಪೂರ್ತಿ ಕಾಣುವುದಿಲ್ಲ. ಹಿಮನದಿ ಇದ್ದಲ್ಲೇ ತಗ್ಗುತ್ತದೆ. ತಗ್ಗಿದ ಮೈಯಲ್ಲಿ ಕೊಳಗಳು ಹುಟ್ಟಿ, ಒಂದಕ್ಕೊಂದು ಸೇರಿ, ಹಿಮನದಿ ತಂದು ಪೇರಿಸಿದ ಕಲ್ಲುಮಣ್ಣಿನ ಮೊರೇನ್ ದಿಣ್ಣೆಯ ಹಿಂದೆ ಕೆರೆಯಾಗುತ್ತವೆ. ಹಾಗೆ ಹಿಮನದಿಯ ಬುಡದಲ್ಲಿ ಬೆಳೆದ ಸಿಕ್ಕಿಂನ ದಕ್ಷಿಣ ಲೋನಕ್ ಸರೋವರ 2023ರ ಅಕ್ಟೋಬರ್ 3ರ ರಾತ್ರಿ ಒಡೆದು, ಚುಂಗ್‌ಥಾಂಗ್‌ನಲ್ಲಿದ್ದ ತೀಸ್ತಾ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು.

ಹಿಮನದಿಗಳು ಕೈಗಾರಿಕಾ ಯುಗ ಬಲಿಯುವ ಮೊದಲೇ, 1850ರ ಸುಮಾರಿಗೇ ಹಿಂದೆ ಸರಿಯಲು ಶುರುಮಾಡಿದ್ದವು, ಇದು ನಿಸರ್ಗದ ಆಟ ಎಂಬ ವಾದವೂ ಆಗಾಗ ಬರುತ್ತದೆ. ಮೊದಲರ್ಧ ನಿಜ. ಆಗ ಸಣ್ಣ ಹಿಮಯುಗ ಎನ್ನುವ ತಂಪು ಕಾಲ ಮುಗಿದಿತ್ತು, ಅದಕ್ಕೆ ಕೊಡಬೇಕಾದ ತಡವಾದ ಉತ್ತರವನ್ನೇ ಇಪ್ಪತ್ತನೇ ಶತಮಾನದ ಆರಂಭದಲ್ಲೂ ಹಿಮನದಿಗಳು ಕೊಡುತ್ತಿದ್ದವು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕ ಎರಡನ್ನೂ ಬಿಡಿಸಿ ತೋರಿಸಿತು: 1851ರಿಂದ 2010ರವರೆಗಿನ ಒಟ್ಟು ನಷ್ಟದಲ್ಲಿ ಮನುಷ್ಯನ ಪಾಲು ಕಾಲು ಭಾಗ, 1991–2010ರ ಎರಡು ದಶಕಗಳನ್ನಷ್ಟೇ ತೆಗೆದುಕೊಂಡರೆ ಶೇ. 69ರಷ್ಟು. ಉತ್ಪ್ರೇಕ್ಷೆಯೂ ಅಷ್ಟೇ ಹಾನಿ ಮಾಡಿದೆ. ಹಿಮಾಲಯದ ಹಿಮನದಿಗಳು 2035ಕ್ಕೆ ಇಲ್ಲವಾಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಸೇರಿಬಿಟ್ಟ ಸಾಲನ್ನು 2010ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಸ್ಪಂದನ ಕಾಲದ ಸೂತ್ರ ತಿಳಿದವರು ಆ ಸಾಲನ್ನು ನಂಬುವಂತಿರಲಿಲ್ಲ.

ಇನ್ನು ನಮ್ಮ ಕಡಲು. ಜಗತ್ತಿನ ಸಾಗರಗಳ ವಿಸ್ತಾರ ಸುಮಾರು 36.2 ಕೋಟಿ ಚದರ ಕಿಲೋಮೀಟರ್. ಆದ್ದರಿಂದ 36,200 ಕೋಟಿ ಟನ್ ಗಡ್ಡೆ ಕರಗಿ ಕಡಲು ಸೇರಿದರೆ ಮಟ್ಟ ಒಂದು ಮಿಲಿಮೀಟರ್ ಏರುತ್ತದೆ. 2000–2019ರ ನಡುವೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ಮಹಾ ಹಿಮಹಾಳೆಗಳನ್ನು ಬಿಟ್ಟು ಉಳಿದ ಹಿಮನದಿಗಳು ಕಳೆದುಕೊಂಡದ್ದು ವರ್ಷಕ್ಕೆ ಸರಾಸರಿ 26,700 ಕೋಟಿ ಟನ್, ಅಂದರೆ ಮುಕ್ಕಾಲು ಮಿಲಿಮೀಟರ್. ಆ ಅವಧಿಯ ಕಡಲೇರಿಕೆಯ ಐದನೇ ಒಂದು ಭಾಗ ಇದು. ಅದರಲ್ಲಿ ಅಲಾಸ್ಕದ ಪಾಲು ಕಾಲು ಭಾಗ, ಹಿಮಾಲಯವೂ ಸೇರಿದ ಏಷ್ಯದ ಪರ್ವತಗಳದ್ದು ಹತ್ತನೇ ಒಂದಕ್ಕಿಂತ ಕಡಿಮೆ. ಇನ್ನೂ ಒಂದು ಸೂಕ್ಷ್ಮವಿದೆ. ದೊಡ್ಡ ಗಡ್ಡೆಯ ರಾಶಿ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಅದು ಕರಗಿದಾಗ ಹತ್ತಿರದ ತೀರದಲ್ಲಿ ನೀರು ಇಳಿಯುತ್ತದೆ, ದೂರದ ತೀರಗಳಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಅಲಾಸ್ಕ, ಕೆನಡಾದ ಉತ್ತರ ದ್ವೀಪಗಳಿಗೆ ನಾವು ದೂರದ ತೀರ. ಮಂಗಳೂರಿನ ಕಡಲಮಟ್ಟಕ್ಕೆ ಹಿಮಾಲಯಕ್ಕಿಂತ ಅಲಾಸ್ಕವೇ ಮುಖ್ಯ ಎಂದು ನಾವು ಹೇಳುವುದು ಇದಕ್ಕೇ.

ಬಾಕಿ ಎಷ್ಟು? 2025ರಲ್ಲಿ ಪ್ರಕಟವಾದ, ಎಂಟು ಮಾದರಿಗಳನ್ನು ಒಟ್ಟುಗೂಡಿಸಿದ ಅಂದಾಜಿನಂತೆ, ಭೂಮಿಯ ಉಷ್ಣಾಂಶ ಇಂದಿನ ಮಟ್ಟದಲ್ಲೇ ನಿಂತರೂ 2020ರಲ್ಲಿದ್ದ ಹಿಮನದಿ ತೂಕದ ಶೇ. 39ರಷ್ಟು ಮುಂದೆ ಕರಗಿಯೇ ತೀರುತ್ತದೆ. ಅದರಿಂದ ಕಡಲು 11 ಸೆಂಟಿಮೀಟರಿನಷ್ಟು ಏರುತ್ತದೆ. ಇದಕ್ಕೆ ಶತಮಾನಗಳು ಬೇಕು, ಒಂದೇ ಸಲಕ್ಕೆ ಬರುವ ನೀರಲ್ಲ. ಈ ಶತಮಾನದ ಕೊನೆಗೆ ಹಿಮನದಿಗಳಿಂದಲೇ 9ರಿಂದ 15 ಸೆಂಟಿಮೀಟರ್ ಎಂದು ಇನ್ನೊಂದು ಅಧ್ಯಯನ ಹೇಳುತ್ತದೆ; ಕೈಗಾರಿಕಾ ಯುಗಕ್ಕೆ ಮೊದಲಿಗಿಂತ ಭೂಮಿ 1.5 ಡಿಗ್ರಿ ಬಿಸಿಯಾದರೆ ಮೊದಲ ಅಂಕಿ, 4 ಡಿಗ್ರಿಯಾದರೆ ಎರಡನೆಯದು. ಬಿಸಿಯಾದ ನೀರಿನ ಹಿಗ್ಗುವಿಕೆ, ಹಿಮಹಾಳೆಗಳ ಪಾಲು ಸೇರಿಸಿದರೆ 2050ರ ಹೊತ್ತಿಗೆ 1995–2014ರ ಮಟ್ಟಕ್ಕಿಂತ 20 ಸೆಂಟಿಮೀಟರಿನ ಆಸುಪಾಸು ಏರಿಕೆ ಎಂಬುದು ಐಪಿಸಿಸಿಯ ಈಚಿನ ಅಂದಾಜು. ಇಂದಿನ ಕಡಲ್ಕೊರೆತಕ್ಕೆಲ್ಲ ಹಿಮನದಿ ಕಾರಣ ಎಂದು ನಾವು ಹೇಳುತ್ತಿಲ್ಲ. ಮಳೆಗಾಲದ ಅಲೆ, ಅಳಿವೆ ಬಾಗಿಲು ಜರುಗುವುದು, ಬ್ರೇಕ್‌ವಾಟರ್‌ಗಳು ಮರಳಿನ ಓಟ ತಡೆಯುವುದು, ಮರಳು ತೆಗೆಯುವುದು ಇವೇ ಇಂದಿನ ಮುಖ್ಯ ಕಾರಣಗಳು. ಆದರೆ ಇವೆಲ್ಲ ಏರಿದ ನೀರಿನ ಮೇಲೆ ನಡೆದಾಗ ಪೆಟ್ಟು ಬೇರೆಯೇ.

ಎಷ್ಟು ಬೇರೆ ಎಂಬುದಕ್ಕೆ ಕಲ್ಲಿನ ತಡೆಗೋಡೆಯ ಲೆಕ್ಕ ನೋಡಿ. ದಡದ ಹತ್ತಿರ ಅಲೆಯ ಎತ್ತರ ನೀರಿನ ಆಳದ ಸುಮಾರು 0.78 ಪಾಲನ್ನು ಮೀರಲಾರದು, ಅದಕ್ಕೂ ಮೊದಲೇ ಒಡೆಯುತ್ತದೆ. ಗೋಡೆಯ ಬುಡದಲ್ಲಿ 2 ಮೀಟರ್ ಆಳವಿದ್ದರೆ ಗೋಡೆಗೆ ಬಡಿಯಬಹುದಾದ ಅಲೆ 1.56 ಮೀಟರ್. ಕಡಲು 30 ಸೆಂಟಿಮೀಟರ್ ಏರಿದರೆ 1.79 ಮೀಟರ್, ಅಂದರೆ ಶೇ. 15 ಹೆಚ್ಚು. ಹಡ್ಸನ್ ಸೂತ್ರದಲ್ಲಿ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣ. ಹಾಗಾಗಿ ಅದೇ ಗೋಡೆಗೆ ಒಂದೂವರೆ ಪಟ್ಟು ತೂಕದ ಕಲ್ಲು ಬೇಕು. ಇಂದಿನ ಮಟ್ಟಕ್ಕೆ ಸಾಕಾಗುವ ಎರಡು ಟನ್ನಿನ ಕಲ್ಲು ಅಂದು ಮೂರು ಟನ್ ಇರಬೇಕಾಗುತ್ತದೆ. ಮೇಲೆ ಒಂದು ಸಾಲು ಕಲ್ಲು ಏರಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಗೋಡೆ ಕುಸಿಯುವುದು ಬಹುತೇಕ ಬುಡದಿಂದ: ಕಲ್ಲಿನಡಿ ಜಿಯೋಟೆಕ್ಸ್‌ಟೈಲ್ ಸೋಸುಪದರ ಸರಿಯಾಗಿಲ್ಲದಿದ್ದರೆ ಪ್ರತಿ ಅಲೆಯೂ ಹಿಂದಿನ ಮರಳನ್ನು ಸಂದಿಯಿಂದ ಎಳೆದುಕೊಂಡು, ಕಲ್ಲು ಹೂತುಹೋಗುತ್ತದೆ.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ತೀರದ ಪ್ರತಿ ಅಂದಾಜುಪಟ್ಟಿಯಲ್ಲೂ ಕಾಮಗಾರಿ ಯಾವ ವರ್ಷದವರೆಗೆ ಬಾಳಬೇಕು, ಅಲ್ಲಿಯವರೆಗೆ ಕಡಲೇರಿಕೆ ಎಷ್ಟು ಹಿಡಿದಿದ್ದೀರಿ, ಅದರಲ್ಲಿ ನೀರಿನ ಹಿಗ್ಗುವಿಕೆ, ಪರ್ವತ ಹಿಮನದಿ, ಹಿಮಹಾಳೆಗಳ ಪಾಲು ಎಷ್ಟೆಷ್ಟು ಎಂದು ಕೆಳಗಿನ ಮತ್ತು ಮೇಲಿನ ಅಂಕಿಗಳೊಂದಿಗೆ ಬರೆಯಿರಿ. ಬಂದರಿನ ಉಬ್ಬರವಿಳಿತದ ದಾಖಲೆ ಬಳಸುವಾಗ ಕನಿಷ್ಠ 19 ವರ್ಷಗಳದ್ದನ್ನು ತೆಗೆದುಕೊಳ್ಳಿ. ಚಂದ್ರನ ಪಥದ 18.6 ವರ್ಷಗಳ ಆವರ್ತ ಉಬ್ಬರವನ್ನು ಬದಲಿಸುತ್ತದೆ, ಮಾನ್ಸೂನ್ ಗಾಳಿಯೂ ತೀರದ ಪ್ರವಾಹವೂ ವರ್ಷದೊಳಗೇ ಮಟ್ಟವನ್ನು ಏರಿಳಿಸುತ್ತವೆ. ಅಷ್ಟು ದಾಖಲೆಯಿಂದ ಸಿಗುವುದೂ ಕಳೆದ ಕಾಲದ ವೇಗ ಮಾತ್ರ. ಹಿಮನದಿಯ ಬಾಕಿ ಅದರಲ್ಲಿಲ್ಲ, ಬೇರೆಯಾಗಿಯೇ ಸೇರಿಸಬೇಕು. ಎತ್ತರಗಳನ್ನು ಬರೆಯುವಾಗ ಯಾವ ಆಧಾರ ಮಟ್ಟದಿಂದ ಎಂದು ತಪ್ಪದೆ ನಮೂದಿಸಿ. ಹಡಗಿನ ನಕ್ಷೆಯ ಆಳವನ್ನು ಕನಿಷ್ಠ ಇಳಿತದ ಮಟ್ಟದಿಂದ ಅಳೆದಿರುತ್ತಾರೆ, ರಸ್ತೆಯ ಎತ್ತರವನ್ನು ಸರಾಸರಿ ಸಮುದ್ರಮಟ್ಟದಿಂದ. ಎರಡನ್ನೂ ಬೆರೆಸಿದರೆ ಆಗುವ ತಪ್ಪು ಐವತ್ತು ವರ್ಷದ ಕಡಲೇರಿಕೆಗಿಂತ ದೊಡ್ಡದು. ಗೋಡೆಯ ತಳಪಾಯವನ್ನು ಈಗಲೇ ಅಗಲವಾಗಿ ಹಾಕಿದರೆ ಮುಂದೆ ಭಾರದ ಕಲ್ಲು ಸೇರಿಸಿ ಎತ್ತರಿಸಲು ಜಾಗವಿರುತ್ತದೆ. ಕಟ್ಟಿ ಮುಗಿಸಿದ ಗೋಡೆಯ ಬುಡ ಅಗಲಿಸುವುದು ಬಹಳ ಖರ್ಚಿನ ಕೆಲಸ.

ಸಸಿಹಿತ್ಲು, ಕೋಡಿಬೆಂಗ್ರೆಯಂಥ ಅಳಿವೆ ಬದಿಯ ಮರಳು ದಿಣ್ಣೆಗಳಿಗೆ ‘ಒಂದು ಸೆಂಟಿಮೀಟರ್ ಏರಿಕೆಗೆ ಅರ್ಧದಿಂದ ಒಂದು ಮೀಟರ್ ತೀರ ಹಿಂದೆ’ ಎಂಬ ಬ್ರೂನ್ ಸೂತ್ರವನ್ನು ಹಾಕಬೇಡಿ. ಅದು ನೇರವಾದ, ಮರಳು ಆಚೀಚೆ ಹೋಗದ ತೀರಕ್ಕೆ ಮಾಡಿದ್ದು. ಅಲ್ಲಿ ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ತೀರದ ಅಡ್ಡಕೊಯ್ತ ಅಳೆದು ಇಡುವುದೇ ಸರಿಯಾದ ದಾರಿ.

ಕೊನೆಯದಾಗಿ ಬಾವಿಗಳು. ತೀರದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಲ್ಲುತ್ತದೆ. ಬಾವಿಯ ನೀರು ಇದ್ದಷ್ಟೇ ಇದ್ದು ಕಡಲು ಏರಿದರೂ, ಪಂಪು ಹಾಕಿ ನೀರು ಇಳಿಸಿದರೂ ಆ ಅಂತರ ಕುಗ್ಗಿ ಉಪ್ಪು ಮೇಲೆ ಬರುತ್ತದೆ. ಕಿಂಡಿ ಅಣೆಕಟ್ಟುಗಳ ಹಲಗೆಯ ಎತ್ತರವನ್ನು ಇಂದಿನ ದೊಡ್ಡ ಉಬ್ಬರಕ್ಕೆ ಸರಿಯಾಗಿ ಇಟ್ಟಿದ್ದರೆ ಮುಂದೆ ಉಪ್ಪುನೀರು ಅದರ ಮೇಲಿನಿಂದಲೇ ಒಳನುಗ್ಗುತ್ತದೆ. ತೀರದಿಂದ ಎರಡು ಕಿಲೋಮೀಟರಿನೊಳಗಿನ ಪ್ರತಿ ಗ್ರಾಮ ಪಂಚಾಯಿತಿಯೂ ಐದು ಬಾವಿಗಳನ್ನು ಗೊತ್ತುಮಾಡಿಕೊಂಡು, ಬಾಯಿಕಟ್ಟೆಯ ಮಟ್ಟವನ್ನು ಒಮ್ಮೆ ಸರಿಯಾಗಿ ಅಳೆಸಿ, ಜನವರಿಯಿಂದ ಮೇ ತನಕ ತಿಂಗಳಿಗೊಮ್ಮೆ ನೀರಿನ ಆಳ ಮತ್ತು ಉಪ್ಪು ಹೆಚ್ಚಿದಂತೆ ಹೆಚ್ಚುವ ವಿದ್ಯುತ್ ವಾಹಕತೆಯನ್ನು ಬರೆದಿಡಲಿ. ಅಳೆಯುವ ಉಪಕರಣ ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಪ್ರೌಢಶಾಲೆಯ ಮಕ್ಕಳೂ ಬಳಸಬಲ್ಲರು. ಅಳೆಯುವ ಮೊದಲು ಅದನ್ನು ಗೊತ್ತಿರುವ ದ್ರಾವಣದಲ್ಲಿ ಸರಿಹೊಂದಿಸಬೇಕು. ನೀರನ್ನು ಮೇಲಿನಿಂದ ಮೊಗೆಯದೆ ಬಾವಿಯ ತಳದ ಹತ್ತಿರದಿಂದ ತೆಗೆಯಬೇಕು, ಏಕೆಂದರೆ ಉಪ್ಪು ಮೊದಲು ಕಾಣಿಸಿಕೊಳ್ಳುವುದು ಅಲ್ಲಿ. ಬರುವ ಜನವರಿಯಿಂದಲೇ ಈ ಅಳತೆ ಶುರುವಾಗುವಂತೆ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಹಿಮನದಿ ಹಾಗೂ ಕಡಲತೀರದ ವಿಷಯಗಳನ್ನು ಅಧ್ಯಯನ ಮಾಡುವ, ಕಲಿಸುವ ಕೆಲವರು
ಮಂಗಳೂರು